ಐಎನ್‌ಎಸ್ ಮೈಸೂರು ಹಳೆಯ ಹಡಗಲ್ವಾ, ಈಗಲೂ ಹೇಗೆ ಓಡಾಡ್ತಿದೆ?

ಓಡಾಡ್ತಿರೋದು ಅದಲ್ಲ, ಅದೇ ಹೆಸರಿನ ಎರಡನೇ ಹಡಗು.

ಮೊದಲನೆಯದು ಬ್ರಿಟನ್ನಿನಿಂದ ಕೊಂಡ ಕ್ರೂಸರ್, ಅಂದ್ರೆ ದೊಡ್ಡ ಯುದ್ಧನೌಕೆ. ಅದರ ಹಳೆಯ ಹೆಸರು ನೈಜೀರಿಯಾ. 1957ರಲ್ಲಿ ನಮ್ಮ ನೌಕಾಪಡೆಗೆ ಸೇರಿತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಮುಂದಾಳು ಹಡಗಾಗಿತ್ತು. 1985ರಲ್ಲಿ ನಿವೃತ್ತಿಯಾಯಿತು. ಈಗಿನದು ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಡೆಸ್ಟ್ರಾಯರ್ (ವೇಗದ ಯುದ್ಧನೌಕೆ), 1999ರಲ್ಲಿ ಸೇವೆಗೆ ಬಂತು. ಹೆಸರು ಮಾತ್ರವಲ್ಲ, ಹಡಗಿನ ಗುರುತಿನ ಸಂಖ್ಯೆಯಲ್ಲಿರೋ 60 ಕೂಡ ಮುಂದುವರಿದಿದೆ: ಆಗ ಸಿ60, ಈಗ ಡಿ60.

ಹಳೆಯ ಹಡಗು ಹೋದ ಮೇಲೆ ಹೆಸರನ್ನು ಹೊಸದಕ್ಕೆ ಕೊಡೋದು ನೌಕಾಪಡೆಯ ರೂಢಿ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡ್ತೀವಲ್ಲ, ಹಾಗೇ. ವಿಕ್ರಾಂತ್ ಕೂಡ ಹೀಗೇ: 1961ರದ್ದು ಒಂದು, 2022ರದ್ದು ಇನ್ನೊಂದು. ನನ್ನ ಮನಸ್ಸಿಗೆ ಜಾಸ್ತಿ ತಟ್ಟೋದು ಖುಕ್ರಿ ಅನ್ನೋ ಯುದ್ಧನೌಕೆ. 1971ರ ಡಿಸೆಂಬರ್ 9ರಂದು ದಿಯು ಸಮೀಪ ಅದು ಮುಳುಗಿದಾಗ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. 1989ರಲ್ಲಿ ಆ ಹೆಸರನ್ನು ಹೊಸ ಹಡಗಿಗೆ ಇಟ್ಟರು.

ಮೈಸೂರು ಹಡಗಿನ ಲಾಂಛನದಲ್ಲಿ ಗಂಡಭೇರುಂಡ ಇದೆ. ಶಿವಮೊಗ್ಗದ ಕಡೆಯವರಾದರೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋಗಿ. ಅಲ್ಲಿನ 1047ರ ಕಂಬದ ಮೇಲೆ ಎರಡು ತಲೆಯ ಗಂಡಭೇರುಂಡವನ್ನು ಕಾಣಬಹುದು.