ದೇಹ ಕದಿಯುವ ಏಲಿಯನ್ ಸಿನಿಮಾಗಳಲ್ಲಿ ಮೊದಲು ಯಾವುದನ್ನು ನೋಡಬೇಕು?

ಮನುಷ್ಯರ ಮೈ ಕದಿಯುವ ಏಲಿಯನ್ ಕಥೆ ಇರಬೇಕು, ಕಡಿಮೆ ಬಜೆಟ್‌ನದಾಗಿರಬೇಕು, ಆದರೂ ನಿಜಕ್ಕೂ ಹೆದರಿಕೆ ಹುಟ್ಟಿಸಬೇಕು, ಅಂಥ ಸಿನಿಮಾ ಇದೆಯಾ ಅಂತ ಕೇಳಿದ್ದೀರಿ. ಇದೆ. 1956ರಲ್ಲಿ ಬಂದ ಅಮೆರಿಕದ ‘ಇನ್ವೇಷನ್ ಆಫ್ ದ ಬಾಡಿ ಸ್ನ್ಯಾಚರ್ಸ್’. ನಿರ್ದೇಶಕ ಡಾನ್ ಸೀಗಲ್. ಸುಮಾರು 4 ಲಕ್ಷ ಡಾಲರ್ ಖರ್ಚು, 23 ದಿನಗಳ ಶೂಟಿಂಗ್. ನೋಡಲು ಬೇಕಾಗಿರುವುದು 80 ನಿಮಿಷ.

ಕಪ್ಪು ಬಿಳುಪು ಅಂತ ಹಿಂಜರಿಯಬೇಡಿ. ಇಲ್ಲಿ ರಾಕ್ಷಸನಂಥ ಜೀವಿಯೇ ಇಲ್ಲ, ಹಾಗಾಗಿ ಹಳೆಯದಾಗಿ ಕಾಣುವುದಕ್ಕೂ ಜಾಸ್ತಿ ಏನಿಲ್ಲ. ದುಡ್ಡು ಇಲ್ಲದ್ದೇ ಈ ಸಿನಿಮಾಗೆ ಒಳ್ಳೆಯದಾಯಿತು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಒಂದು ದೃಶ್ಯ ಹೇಳುತ್ತೇನೆ. ಸಾಂಟಾ ಮೀರಾ ಎಂಬ ಚಿಕ್ಕ ಊರು. ಡಾಕ್ಟರ್ ಮೈಲ್ಸ್ ಕೆಲವು ದಿನ ಹೊರಗಿದ್ದು ವಾಪಸ್ ಬಂದಿದ್ದಾನೆ. ವಿಲ್ಮಾ ಎಂಬ ಹೆಂಗಸು ಅವನ ಹತ್ತಿರ, ಮನೆಯಲ್ಲಿರುವವರು ನನ್ನ ಅಂಕಲ್ ಐರಾ ಅಲ್ಲವೇ ಅಲ್ಲ ಅನ್ನುತ್ತಾಳೆ. ಮುಖ ಅದೇ, ದನಿ ಅದೇ, ಹಳೆಯ ನೆನಪುಗಳೂ ಸರಿಯಾಗಿವೆ. ಆದರೆ ಅವಳ ಜೊತೆ ಮಾತಾಡುವಾಗ ಅವರ ಕಣ್ಣಿನಲ್ಲಿ ಬರುತ್ತಿದ್ದ ಒಂದು ಪ್ರೀತಿ ಈಗ ಬರುತ್ತಿಲ್ಲ. ಅವಳು ಇದನ್ನು ಹೇಳುತ್ತಿರುವಾಗ ಆ ಐರಾ ಅಲ್ಲೇ ಅಂಗಳದಲ್ಲಿ ಹುಲ್ಲು ಕತ್ತರಿಸುತ್ತಿದ್ದಾರೆ. ಅಷ್ಟೇ. ಸುಮ್ನೆ ಕೆಲಸ ಮಾಡುತ್ತಿರುವ ಒಬ್ಬ ವಯಸ್ಸಾದ ಮನುಷ್ಯ. ನಾನು ಅವರನ್ನೇ ದಿಟ್ಟಿಸಿ ನೋಡುತ್ತಾ ಕೂತಿದ್ದೆ, ಏನಾದರೂ ವ್ಯತ್ಯಾಸ ಕಾಣುತ್ತದಾ ಅಂತ. ಏನೂ ಕಾಣಲಿಲ್ಲ. ಬೆನ್ನು ತಣ್ಣಗಾದದ್ದು ಆಗಲೇ.

ಈ ಭಯ ಬರೀ ಕಲ್ಪನೆಯೂ ಅಲ್ಲ. ತನ್ನವರ ಜಾಗದಲ್ಲಿ ಅವರಂತೆಯೇ ಕಾಣುವ ಬೇರೆ ಯಾರೋ ಬಂದಿದ್ದಾರೆ ಎಂದು ರೋಗಿ ನಂಬುವ ಮಾನಸಿಕ ಕಾಯಿಲೆ ನಿಜವಾಗಿಯೂ ಇದೆ. ಕಾಪ್‌ಗ್ರಾ ಸಿಂಡ್ರೋಮ್ ಅನ್ನುತ್ತಾರೆ. 1923ರಲ್ಲಿ ಫ್ರಾನ್ಸ್‌ನ ವೈದ್ಯ ಜೋಸೆಫ್ ಕಾಪ್‌ಗ್ರಾ ತನ್ನ ಸಹೋದ್ಯೋಗಿಯ ಜೊತೆ ಸೇರಿ ಅದನ್ನು ವಿವರಿಸಿದ. ಸಿನಿಮಾದಲ್ಲೂ ಊರಿನ ಮನೋವೈದ್ಯ ಇದೆಲ್ಲ ಜನರಿಗೆ ಒಟ್ಟಾಗಿ ಹಿಡಿದ ಭ್ರಮೆ ಅಂತ ಸಮಾಧಾನ ಹೇಳುತ್ತಾನೆ. ನಾವೂ ಒಪ್ಪುತ್ತೇವೆ, ಯಾಕಂದರೆ ಅವನ ಮಾತೇ ಸರಿಯಾಗಿ ಕೇಳಿಸುತ್ತದೆ ಅಲ್ವಾ.

ನಿಜ ಏನೆಂದರೆ, ಬಾಹ್ಯಾಕಾಶದಿಂದ ತೇಲಿ ಬಂದ ಬೀಜಗಳು ಹೊಲದಲ್ಲಿ ಬೇರು ಬಿಟ್ಟಿವೆ. ಅವು ಬಿಡುವ ದೊಡ್ಡ ಕಾಯಿಗಳು ನಾವು ನಿದ್ದೆ ಮಾಡುವಾಗ ನಮ್ಮ ನಕಲು ಬೆಳೆಸಿಕೊಳ್ಳುತ್ತವೆ. ಹಾಗಾಗಿ ಯಾರೂ ಕಣ್ಣು ಮುಚ್ಚುವಂತಿಲ್ಲ. ಗಾಜಿನ ಮನೆಯಲ್ಲಿ ಆ ಕಾಯಿಗಳು ಒಡೆದು ನೊರೆ ಉಕ್ಕುವ ದೃಶ್ಯ ಒಂದಿದೆ. ಮೈಲ್ಸ್ ಕವೆಗೋಲು ಎತ್ತಿಕೊಂಡು ನಿಲ್ಲುತ್ತಾನೆ. ತಾನು ಪ್ರೀತಿಸುವ ಬೆಕಿಯ ನಕಲಿಗೆ ಚುಚ್ಚಲು ಅವನ ಕೈ ಏಳುವುದಿಲ್ಲ. ತನ್ನದೇ ನಕಲಿಗೆ ಚುಚ್ಚುತ್ತಾನೆ. ಆ ಒಂದು ಕ್ಷಣದ ತಡವರಿಕೆ ನನಗೆ ಎಷ್ಟೋ ದುಬಾರಿ ಗ್ರಾಫಿಕ್ಸ್‌ಗಿಂತ ದೊಡ್ಡದಾಗಿ ಕಾಣುತ್ತದೆ.

ಇದು ಆ ಕಾಲದ ಅಮೆರಿಕದಲ್ಲಿ ಕಮ್ಯುನಿಸ್ಟರ ಬಗ್ಗೆ ಇದ್ದ ಭಯ ಎಂದು ಕೆಲವರು ಓದುತ್ತಾರೆ, ಕಮ್ಯುನಿಸ್ಟರನ್ನು ಬೇಟೆಯಾಡಿದವರ ಬಗೆಗಿನ ಭಯ ಎಂದು ಇನ್ನು ಕೆಲವರು. ಎರಡೂ ಹೊಂದುತ್ತವೆ. ಮೊದಲ ಸಲ ಅದನ್ನೆಲ್ಲ ಪಕ್ಕಕ್ಕಿಟ್ಟು ನೋಡಿ.

ನಿಮ್ಮ ಪ್ರಶ್ನೆಯನ್ನು ಅಕ್ಷರಶಃ ತೆಗೆದುಕೊಂಡರೆ ಇಲ್ಲಿ ಆಗುವುದು ನಕಲು, ಕಳ್ಳತನ ಅಲ್ಲ. ಒಂದು ಮೈಯಿಂದ ಇನ್ನೊಂದು ಮೈಗೆ ನೇರವಾಗಿ ಹಾರುವ ಏಲಿಯನ್ನೇ ಬೇಕೆಂದರೆ 1987ರ ‘ದ ಹಿಡನ್’ ನೋಡಿ. ಲಾಸ್ ಏಂಜಲೀಸ್‌ನಲ್ಲಿ ನಡೆಯುವ ಕಥೆ, ನಿರ್ದೇಶಕ ಜ್ಯಾಕ್ ಶೋಲ್ಡರ್. ಆ ಜೀವಿ ಬಾಯಿಂದ ಬಾಯಿಗೆ ದಾಟುತ್ತದೆ, ವೇಗದ ಕಾರು ಮತ್ತು ಜೋರು ಸಂಗೀತ ಅಂದರೆ ಅದಕ್ಕೆ ಪ್ರಾಣ. ತುಂಬಾ ಮಜವಾಗಿದೆ, ಆದರೆ ಭಯಕ್ಕಿಂತ ಓಟ ಜಾಸ್ತಿ.

ಕೊನೆಯದಾಗಿ ಒಂದು ಮಾತು. 1956ರ ಚಿತ್ರದ ಆರಂಭದಲ್ಲೂ ಅಂತ್ಯದಲ್ಲೂ ಒಂದು ಆಸ್ಪತ್ರೆಯ ದೃಶ್ಯ ಬರುತ್ತದೆ. ಅದನ್ನು ಸ್ಟುಡಿಯೋ ಒತ್ತಾಯ ಮಾಡಿ ಸೇರಿಸಿದ್ದು, ಪ್ರೇಕ್ಷಕರಿಗೆ ಸ್ವಲ್ಪ ಧೈರ್ಯ ಸಿಗಲಿ ಅಂತ. ಸೀಗಲ್ ಮುಗಿಸಬೇಕೆಂದುಕೊಂಡಿದ್ದು ಹೆದ್ದಾರಿಯಲ್ಲಿ. ಮೈಲ್ಸ್ ವಾಹನಗಳ ಮಧ್ಯೆ ಓಡುತ್ತಾ, ಕ್ಯಾಮೆರಾಗೇ ಮುಖ ಕೊಟ್ಟು ಎಚ್ಚರಿಕೆ ಕೂಗುತ್ತಾನೆ. ಯಾರೂ ನಿಲ್ಲಿಸುವುದಿಲ್ಲ. 1978ರಲ್ಲಿ ಫಿಲಿಪ್ ಕೌಫ್‌ಮನ್ ಇದೇ ಕಥೆಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ತಂದು ಮತ್ತೆ ಸಿನಿಮಾ ಮಾಡಿದರು. ಅದರಲ್ಲಿ, 1956ರಲ್ಲಿ ಮೈಲ್ಸ್ ಪಾತ್ರ ಮಾಡಿದ್ದ ಅದೇ ಕೆವಿನ್ ಮೆಕಾರ್ಥಿ, ಈಗ 22 ವರ್ಷ ಹೆಚ್ಚು ವಯಸ್ಸಾದ ಮುಖದಲ್ಲಿ, ಓಡಿ ಬಂದು ಒಂದು ಕಾರಿನ ಗಾಜು ಬಡಿಯುತ್ತಾರೆ. ಇನ್ನೂ ಕೂಗುತ್ತಲೇ ಇದ್ದಾರೆ. ಮೊದಲು 1956ರದ್ದನ್ನೇ ನೋಡಿ ಅಂದದ್ದು ಅದಕ್ಕೇ.