ಒಪ್ಪಿಸುವುದಕ್ಕಿಂತ ಹೆದರಿಸುವುದೇ ಅವರಿಗೆ ಯಾಕೆ ಸುಲಭ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅಧಿಕಾರ ಮತ್ತು ಬಲವಂತದ ಬಗ್ಗೆಯೇ ಇದ್ದವು. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಉಳಿದವು ಅದರಿಂದಲೇ ಹುಟ್ಟುತ್ತವೆ.

ಪ್ರಶ್ನೆ: ಸರ್ಕಾರ, ದೊಡ್ಡ ಕಂಪನಿ, ವಿಶ್ವವಿದ್ಯಾಲಯ, ಧಾರ್ಮಿಕ ಸಂಸ್ಥೆ, ಯಾವುದನ್ನೇ ನೋಡಿದರೂ ಮೇಲೆ ಕೂತವರು ಕಾರಣ ಹೇಳಿ ಒಪ್ಪಿಸುವುದಿಲ್ಲ. ‘ಕಡ್ಡಾಯ’ ಅಂದುಬಿಡುತ್ತಾರೆ. ತಪ್ಪಿದರೆ ದಂಡ. ಇದು ಇವರೆಲ್ಲ ಸೇರಿ ಮಾಡಿಕೊಂಡ ಒಳಒಪ್ಪಂದವಾ?

ಉತ್ತರ: ಒಳಒಪ್ಪಂದದ ಅಗತ್ಯವೇ ಇಲ್ಲ. ಒಬ್ಬರಿಗೊಬ್ಬರು ಆಗದ ಅಧಿಕಾರಸ್ಥರು ಕೂಡ ಈ ವಿಷಯದಲ್ಲಿ ಒಂದೇ ರೀತಿ ನಡೆದುಕೊಳ್ಳುತ್ತಾರೆ. ಅವರು ಕೂತ ಕುರ್ಚಿ ಒಂದೇ ಥರದ್ದು. ಅಲ್ಲಿಂದ ನೋಡಿದಾಗ ಬಲವಂತ ತುಂಬ ಅಗ್ಗವಾಗಿ ಕಾಣುತ್ತದೆ.

ಸ್ವಲ್ಪ ಯೋಚಿಸಿ. ನಿಮ್ಮನ್ನು ಒಪ್ಪಿಸಬೇಕು ಅಂದರೆ ನಾನು ಮೊದಲು ಕಾರಣ ಹೇಳಬೇಕು. ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಅಷ್ಟೆಲ್ಲ ಆದ ಮೇಲೂ ನೀವು ‘ಆಗಲ್ಲ’ ಅನ್ನಬಹುದು. ನಿಮ್ಮ ಮಾತೇ ಸರಿ ಅನಿಸಿ ನಾನೇ ಹಿಂದೆ ಸರಿಯಬೇಕಾಗಬಹುದು. ಅಂದರೆ ಒಪ್ಪಿಸಲು ಹೊರಟ ಕ್ಷಣವೇ ನನ್ನ ಅಧಿಕಾರದ ಒಂದು ಪಾಲು ನಿಮ್ಮ ಕೈಗೆ ಬಂತು. ಆದೇಶ ಹೊರಡಿಸುವಾಗ ಈ ತಾಪತ್ರಯ ಯಾವುದೂ ಇಲ್ಲ. ಒಂದು ಸಹಿ ಸಾಕು.

ಬಲವಂತಕ್ಕೂ ಖರ್ಚಿದೆ, ಎಷ್ಟೋ ಸಲ ಜಾಸ್ತಿಯೇ ಇದೆ. ಆದರೆ ಅದು ಸಹಿ ಹಾಕಿದವರ ಲೆಕ್ಕಕ್ಕೆ ಬರುವುದಿಲ್ಲ. ದಂಡ ಕಟ್ಟುವವರು ಬೇರೆ. ಜನರ ಬೈಗುಳ ತಿನ್ನುವ ಕೆಳಗಿನ ನೌಕರ ಬೇರೆ. ನಂಬಿಕೆ ಹಾಳಾಗಿದೆ ಅಂತ ಗೊತ್ತಾಗುವುದು ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ಸಹಿ ಹಾಕಿದವರು ಇನ್ನೊಂದು ಹುದ್ದೆಗೆ ಹೋಗಿರುತ್ತಾರೆ.

ಇನ್ನೊಂದು ಕಾರಣವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ವಿಧೇಯತೆಯನ್ನು ಎಣಿಸಬಹುದು, ಒಪ್ಪಿಗೆಯನ್ನು ಎಣಿಸಲು ಬರುವುದಿಲ್ಲ. ಕೆಲವು ವರ್ಷ ನಾನು ಒಂದು ಸಂಸ್ಥೆಯ ಆಡಳಿತ ಸಮಿತಿಯಲ್ಲಿದ್ದೆ. ಸಿಬ್ಬಂದಿಗೆ ಕೆಲಸದಲ್ಲಿ ಆಸಕ್ತಿ ಇಲ್ಲ ಅಂತ ದೂರು ಬಂತು. ಯಾಕೆ ಅಂತ ಅವರನ್ನು ಕೂರಿಸಿ ಕೇಳಲಿಲ್ಲ. ದಿನಕ್ಕೆ ನಾಲ್ಕು ಸಲ ಹಾಜರಾತಿ ಯಂತ್ರಕ್ಕೆ ಬೆರಳೊತ್ತುವುದನ್ನು ಕಡ್ಡಾಯ ಮಾಡಿದೆವು. ನಾನೂ ಕೈ ಎತ್ತಿದ್ದೆ. ತಿಂಗಳ ಕೊನೆಗೆ ಹಾಜರಾತಿ ಪಟ್ಟಿ ತುಂಬಿತ್ತು, ಸಭೆಯಲ್ಲಿ ಎಲ್ಲರಿಗೂ ಸಮಾಧಾನ. ಕೆಲಸ ಮಾತ್ರ ಮೊದಲಿಗಿಂತ ಕುಂಟಿತು. ಸಂಜೆ ತಾವಾಗಿಯೇ ಉಳಿದು ಕೆಲಸ ಮುಗಿಸಿ ಹೋಗುತ್ತಿದ್ದವರು ಕೂಡ ಹೊತ್ತಾದ ಕೂಡಲೇ ಬೆರಳೊತ್ತಿ ಹೊರಡತೊಡಗಿದರು. ನಾವು ನಿಮಿಷ ಎಣಿಸಿದೆವು, ಅವರೂ ನಿಮಿಷ ಎಣಿಸಿಯೇ ಕೊಟ್ಟರು. ಆ ಸಭೆಯಲ್ಲಿ ಕೈ ಎತ್ತಿದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ.

ಸಂಸ್ಥೆ ಅನ್ನುವುದಕ್ಕೆ ತನ್ನದೇ ಒಂದು ಸ್ವಭಾವವೂ ಇದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ರಾಬರ್ಟ್ ಮಿಖೆಲ್ಸ್ 1911ರಲ್ಲೇ ಇದನ್ನು ಬರೆದರು. ಅವರು ನೋಡಿದ್ದು ರಾಜರ ಆಸ್ಥಾನವನ್ನಲ್ಲ, ಸಮಾನತೆಗಾಗಿ ಹುಟ್ಟಿದ ಸಮಾಜವಾದಿ ಪಕ್ಷಗಳನ್ನು. ಅಲ್ಲಿಯೂ ಕೆಲವೇ ಜನರ ಕೈಗೆ ಎಲ್ಲ ಸೇರಿತ್ತು. ಗುರಿಗಿಂತ ಸಂಘಟನೆಯನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು. ಒಳ್ಳೆಯ ಉದ್ದೇಶ ಇದ್ದರೆ ಸಾಕು, ಬಲವಂತ ಬರುವುದಿಲ್ಲ ಅಂತ ನಂಬುವವರು ಇದನ್ನು ಗಮನಿಸಬೇಕು.

ಒಳ್ಳೆಯ ಉದ್ದೇಶದ ಬಲವಂತಕ್ಕೆ ಇಂಗ್ಲೆಂಡಿನ ಸಿಡುಬು ಲಸಿಕೆಯ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಲಸಿಕೆ ನಿಜವಾಗಿಯೂ ಜೀವ ಉಳಿಸುತ್ತಿತ್ತು. 1853ರಲ್ಲಿ ಕಾನೂನು ತಂದು, ಹುಟ್ಟುವ ಮಕ್ಕಳಿಗೆಲ್ಲ ಅದನ್ನು ಕಡ್ಡಾಯ ಮಾಡಿದರು. 1867ರಲ್ಲಿ ಕಾನೂನು ಇನ್ನೂ ಬಿಗಿಯಾಯಿತು. ಒಂದು ಸಲ ದಂಡ ಕಟ್ಟಿದರೆ ಮುಗಿಯಲಿಲ್ಲ, ಲಸಿಕೆ ಹಾಕಿಸುವ ತನಕ ಮತ್ತೆ ಮತ್ತೆ ದಂಡ. ಉಳ್ಳವರು ದುಡ್ಡು ಕೊಟ್ಟು ಪಾರಾದರು. ಕೂಲಿ ಮಾಡುವವರ ಮನೆ ಸಾಮಾನು ಜಪ್ತಿಯಾಯಿತು, ಕೆಲವರು ಜೈಲಿಗೂ ಹೋದರು. ಜನರ ಭಯ ಪೂರ್ತಿ ಸುಳ್ಳೂ ಆಗಿರಲಿಲ್ಲ. ಆಗ ಒಂದು ಮಗುವಿನ ತೋಳಿನ ಗುಳ್ಳೆಯಿಂದ ದ್ರವ ತೆಗೆದು ಇನ್ನೊಂದು ಮಗುವಿಗೆ ಹಾಕುತ್ತಿದ್ದರು. ಅದರಿಂದ ಬೇರೆ ಸೋಂಕು ಅಂಟುವ ಅಪಾಯ ಇತ್ತು. ತಾಯಂದಿರು ಅದನ್ನು ಕಣ್ಣಾರೆ ಕಂಡು ಹೇಳುತ್ತಿದ್ದರು. ಕೇಳುವವರಿರಲಿಲ್ಲ.

1885ರಲ್ಲಿ ಲೆಸ್ಟರ್ ನಗರದಲ್ಲಿ ಲಸಿಕೆ ಕಾನೂನಿನ ವಿರುದ್ಧ ಭಾರಿ ಮೆರವಣಿಗೆ ನಡೆಯಿತು. 80 ಸಾವಿರದಿಂದ 1 ಲಕ್ಷ ಜನ ಸೇರಿದ್ದರು ಅನ್ನುವುದು ಅಂದಾಜು. ಕೊನೆಗೆ 1898ರಲ್ಲಿ ಸರ್ಕಾರ ಮಣಿಯಿತು. ಮನಸ್ಸಾಕ್ಷಿ ಒಪ್ಪದವರಿಗೆ ವಿನಾಯಿತಿ ಕೊಟ್ಟಿತು, ತೋಳಿನಿಂದ ತೋಳಿಗೆ ಹಾಕುವ ಪದ್ಧತಿಯನ್ನೂ ನಿಲ್ಲಿಸಿತು. ಆ ದೂರನ್ನು ಮೂವತ್ತು ವರ್ಷ ಮೊದಲೇ ಕೇಳಿಸಿಕೊಂಡು ಲಸಿಕೆಯನ್ನು ಸುರಕ್ಷಿತ ಮಾಡಿದ್ದರೆ ಎಷ್ಟೋ ಮಂದಿ ತಾವಾಗಿಯೇ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು ಅಂತ ನನ್ನ ನಂಬಿಕೆ. ದಂಡದ ಕಾನೂನು ಕೈಯಲ್ಲಿದ್ದಾಗ ಕೇಳಿಸಿಕೊಳ್ಳುವ ದರ್ದು ಯಾರಿಗಿರುತ್ತದೆ?

ಇಲ್ಲೇ ಬಲವಂತದ ದೊಡ್ಡ ಅಪಾಯ ಇರುವುದು. ಅದು ಬಳಸುವವರನ್ನೇ ಕಿವುಡರನ್ನಾಗಿ ಮಾಡುತ್ತದೆ. ಚೀನಾದಲ್ಲಿ 1958ರಲ್ಲಿ ಶುರುವಾದ ‘ಮಹಾ ಜಿಗಿತ’ವನ್ನು ನೋಡಿ, ಉತ್ಪಾದನೆಯನ್ನು ಒಮ್ಮೆಲೇ ಏರಿಸುವ ಸರ್ಕಾರಿ ಯೋಜನೆ ಅದು. ಹೆಚ್ಚು ಬೆಳೆ ತೋರಿಸಲೇಬೇಕು ಅನ್ನುವ ಒತ್ತಡ. ಸ್ಥಳೀಯ ಅಧಿಕಾರಿಗಳು ಹೆದರಿ ಸುಳ್ಳು ಲೆಕ್ಕ ಕಳಿಸಿದರು. ಆ ಸುಳ್ಳು ಲೆಕ್ಕ ನಂಬಿ ಸರ್ಕಾರ ಹಳ್ಳಿಗಳಿಂದ ಧಾನ್ಯ ಎತ್ತಿತು, ಹಳ್ಳಿಯವರಿಗೆ ಉಣ್ಣಲು ಉಳಿಯಲಿಲ್ಲ. 1959ರ ಜುಲೈನಲ್ಲಿ ರಕ್ಷಣಾ ಸಚಿವ ಪೆಂಗ್ ದೆಹುಆಯ್ ದೇಶದ ನಾಯಕ ಮಾವೋಗೆ ಪತ್ರ ಬರೆದು ತಪ್ಪುಗಳನ್ನು ತೋರಿಸಿದರು. ಅವರ ಹುದ್ದೆಯೇ ಹೋಯಿತು. ಅದಾದ ಮೇಲೆ ನಿಜ ಹೇಳುವ ಧೈರ್ಯ ಯಾರಿಗೆ? 1961ರ ತನಕ ನಡೆದ ಆ ಕ್ಷಾಮದಲ್ಲಿ ಸತ್ತವರ ಲೆಕ್ಕ ಕೋಟಿಗಳಲ್ಲಿದೆ.

ಪ್ರಶ್ನೆ: ಮೇಲಿನವರು ಬೆರಳೆಣಿಕೆಯಷ್ಟು, ಜನ ಲಕ್ಷಾಂತರ. ಹಾಗಿದ್ದರೂ ನಾವು ಯಾಕೆ ಬಗ್ಗುತ್ತೇವೆ? ನಾವೇ ಹೇಡಿಗಳಾ?

ಉತ್ತರ: ಅಲ್ಲ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಈ ಪ್ರಶ್ನೆಯನ್ನು 16ನೇ ಶತಮಾನದಲ್ಲಿ ಎತಿಯೆನ್ ದ ಲಾ ಬೊಯೆಸಿ ಅನ್ನುವ ಫ್ರೆಂಚ್ ಯುವಕ ಕೇಳಿದ್ದ. ಜನ ಕೈ ತೆಗೆದರೆ ನಿರಂಕುಶ ದೊರೆ ತಾನೇ ಕುಸಿದು ಬೀಳುತ್ತಾನೆ ಅನ್ನುವುದು ಅವನ ವಾದ. ಮಾತು ಸರಿ. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಮೊದಲು ಕೈ ತೆಗೆದವರ ಮೇಲೆ ಪೂರ್ತಿ ಏಟು ಬೀಳುತ್ತದೆ, ಲಾಭ ಮಾತ್ರ ಎಲ್ಲರಿಗೂ ಹಂಚಿಹೋಗುತ್ತದೆ. ಹೀಗಿರುವಾಗ ಮನೆ ಮಕ್ಕಳಿರುವ ಮನುಷ್ಯ ಸುಮ್ಮನಿದ್ದರೆ ಅದು ಹೇಡಿತನ ಅಲ್ಲ, ಲೆಕ್ಕಾಚಾರ.

1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಶುರು ಮಾಡಿದ ಪ್ರಯೋಗದ ಬಗ್ಗೆ ನೀವು ಕೇಳಿರಬಹುದು. ಪಕ್ಕದ ಕೋಣೆಯಲ್ಲಿ ಕೂತವರು ತಪ್ಪು ಉತ್ತರ ಕೊಟ್ಟಾಗಲೆಲ್ಲ ಕರೆಂಟ್ ಶಾಕ್ ಕೊಡಬೇಕು. ಶಾಕ್ ನಿಜವಾದದ್ದಲ್ಲ, ಆದರೆ ಬಟನ್ ಒತ್ತುವವರಿಗೆ ಅದನ್ನು ಹೇಳಿರಲಿಲ್ಲ. 40 ಜನರಲ್ಲಿ 26 ಮಂದಿ 450 ವೋಲ್ಟ್ ತನಕ ಹೋದರು. ಎಲ್ಲರೂ ಈ ಅಂಕಿ ಹೇಳಿ ‘ನೋಡಿ, ಮನುಷ್ಯ ಇಷ್ಟೇ’ ಅನ್ನುತ್ತಾರೆ. ಕೆಲವರಿಗೆ ಆಗಲೇ ಇದು ನಾಟಕ ಅನ್ನುವ ಅನುಮಾನ ಬಂದಿತ್ತು ಅನ್ನುವ ಟೀಕೆಯೂ ಇದೆ.

ನನಗೆ ಮುಖ್ಯ ಅನಿಸುವುದು ಅದೇ ಪ್ರಯೋಗದ ಇನ್ನೊಂದು ಸುತ್ತು. ಅದರಲ್ಲಿ ಪಕ್ಕದಲ್ಲಿ ಕೂತ ಇಬ್ಬರು ‘ನಾವು ಮುಂದುವರಿಸಲ್ಲ’ ಅಂತ ಎದ್ದರು. ಆಗ ಕೊನೆಯ ತನಕ ಹೋದವರು 40ರಲ್ಲಿ ನಾಲ್ಕೇ ಮಂದಿ. ಆ ಮನುಷ್ಯರೂ ಮೊದಲಿನವರ ಥರದವರೇ, ಯಂತ್ರವೂ ಅದೇ. ಬದಲಾಗಿದ್ದು ಪಕ್ಕದಲ್ಲಿ ಇಲ್ಲ ಅಂದವರು ಇದ್ದರು ಅನ್ನುವುದೊಂದೇ. ಆದೇಶ ಕೊಡುವವರು ಕೋಣೆಯಲ್ಲಿರದೆ ಫೋನಿನಲ್ಲಿ ಮಾತಾಡಿದಾಗಲೂ ವಿಧೇಯತೆ ತುಂಬ ಇಳಿದಿತ್ತು.

ಅಧಿಕಾರಕ್ಕೆ ಇದು ಚೆನ್ನಾಗಿ ಗೊತ್ತು. ಆದ್ದರಿಂದಲೇ ಅದು ಎಲ್ಲಕ್ಕಿಂತ ಮೊದಲು ಜನರನ್ನು ಒಬ್ಬೊಬ್ಬರನ್ನಾಗಿ ಬೇರೆ ಮಾಡುತ್ತದೆ. ಪೂರ್ವ ಜರ್ಮನಿಯಲ್ಲಿ ಇದ್ದದ್ದು ಸುಮಾರು 1.6 ಕೋಟಿ ಜನ. ಅವರನ್ನು ಕಾಯಲು 1989ರಲ್ಲಿ ಸ್ಟಾಸಿ ಗುಪ್ತಚರ ಸಂಸ್ಥೆಯಲ್ಲಿ 91 ಸಾವಿರದಷ್ಟು ಪೂರ್ಣಾವಧಿ ನೌಕರರಿದ್ದರು. ಅಕ್ಕಪಕ್ಕದವರ, ಸಹೋದ್ಯೋಗಿಗಳ ಮಾತನ್ನು ಸ್ಟಾಸಿಗೆ ಮುಟ್ಟಿಸುವ ಮಾಹಿತಿದಾರರು ಅದಕ್ಕಿಂತ ಜಾಸ್ತಿ. ಅವರು ಬರೆದಿಟ್ಟ ಕಡತಗಳಿಗಿಂತ ದೊಡ್ಡ ಪರಿಣಾಮ ಇನ್ನೊಂದಿತ್ತು. ಪಕ್ಕದಲ್ಲಿ ಕೂತವರು ಯಾರ ಕಡೆಯವರು ಅಂತ ಗೊತ್ತಾಗದೆ ಎಲ್ಲರೂ ಬಾಯಿ ಮುಚ್ಚಿಕೊಂಡರು. ಮನಸ್ಸಿನಲ್ಲಿ ಒಂದು, ಬಾಯಲ್ಲಿ ಒಂದು. ಎದುರಿನವರೂ ಹಾಗೇ ನಟಿಸುತ್ತಿದ್ದಾರೆ ಅನ್ನುವುದು ಯಾರಿಗೂ ಕಾಣಲಿಲ್ಲ.

1989ರ ಅಕ್ಟೋಬರ್ 9ರ ಸೋಮವಾರ ಲೈಪ್‌ಜಿಗ್ ನಗರದಲ್ಲಿ ಪೂರ್ವ ಜರ್ಮನಿಯ ಸರ್ಕಾರದ ವಿರುದ್ಧ ಸುಮಾರು 70 ಸಾವಿರ ಜನ ಬೀದಿಗಿಳಿದರು. ಗುಂಡು ಹಾರುತ್ತದೆ ಅಂತ ಎಲ್ಲರಿಗೂ ಭಯವಿತ್ತು. ಪೊಲೀಸರು ಹಾರಿಸಲಿಲ್ಲ. ಆ ರಾತ್ರಿ ಆ ಜನ ಒಬ್ಬರನ್ನೊಬ್ಬರು ನೋಡಿದರು. ಮುಂದಿನ ಸೋಮವಾರ ಬಂದವರ ಸಂಖ್ಯೆ ಲಕ್ಷ ದಾಟಿತು. ಸರಿಯಾಗಿ ಒಂದು ತಿಂಗಳಿಗೆ, ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆಯಿತು. ರೊಮೇನಿಯಾದಲ್ಲಿ ಇದು ಇನ್ನೂ ವೇಗವಾಗಿ ನಡೆಯಿತು. ಡಿಸೆಂಬರ್ 21ರಂದು ಅಲ್ಲಿನ ಸರ್ವಾಧಿಕಾರಿ ಚೌಶೆಸ್ಕು ತಾನೇ ಕರೆಸಿದ ಸಭೆಯಲ್ಲಿ ಮಾತಾಡುತ್ತಿದ್ದ. ಚಪ್ಪಾಳೆ ಹೊಡೆಯಲು ಬಂದಿದ್ದ ಜನ ಕೂಗಾಡತೊಡಗಿದರು. ಅವನ ಮುಖದಲ್ಲಿನ ಗೊಂದಲ ಟಿವಿಯಲ್ಲಿ ನೇರವಾಗಿ ಕಂಡಿತು. ಅಷ್ಟು ವರ್ಷ ಚಪ್ಪಾಳೆ ಮಾತ್ರ ಕೇಳಿದವನಿಗೆ ಅದೇನೆಂದು ತಕ್ಷಣ ಅರ್ಥವಾಗಲಿಲ್ಲ. ಮರುದಿನ ಹೆಲಿಕಾಪ್ಟರ್ ಹತ್ತಿ ಓಡಿದ. ಕ್ರಿಸ್‌ಮಸ್ ದಿನ ಅವನಿಗೂ ಹೆಂಡತಿಗೂ ಗುಂಡಿಕ್ಕಿದರು.

ಪ್ರಶ್ನೆ: ಹಾಗಾದರೆ ಯಾವ ಕಡ್ಡಾಯವೂ ಬೇಡವಾ? ತೆರಿಗೆ, ಟ್ರಾಫಿಕ್ ನಿಯಮ ಎಲ್ಲ ಜನರ ಇಷ್ಟಕ್ಕೆ ಬಿಟ್ಟರೆ ನಡೆಯುತ್ತದಾ?

ಉತ್ತರ: ನಡೆಯುವುದಿಲ್ಲ. ರಸ್ತೆಯ ಯಾವ ಬದಿಯಲ್ಲಿ ಗಾಡಿ ಓಡಿಸಬೇಕು ಅನ್ನುವುದನ್ನು ಒಬ್ಬೊಬ್ಬರ ಇಷ್ಟಕ್ಕೆ ಬಿಟ್ಟರೆ ಹೆಣ ಬೀಳುತ್ತದೆ. ಇದಕ್ಕೆ ಸ್ವೀಡನ್ನಿನ ಅನುಭವ ಹೇಳುತ್ತೇನೆ. 1955ರ ಜನಮತಗಣನೆಯಲ್ಲಿ ಅಲ್ಲಿ ಮತ ಹಾಕಿದವರಲ್ಲಿ ಶೇಕಡಾ 83 ಮಂದಿ ಎಡಬದಿಯೇ ಇರಲಿ ಅಂದಿದ್ದರು. ಆದರೂ ಸಂಸತ್ತು 1963ರಲ್ಲಿ ಬಲಬದಿಗೆ ಬದಲಾಯಿಸಲು ನಿರ್ಧರಿಸಿತು. ಜನರ ಮತಕ್ಕೆ ವಿರುದ್ಧ ಹೋಗಿದ್ದು ನನಗೆ ಈಗಲೂ ಕಸಿವಿಸಿ ತರುತ್ತದೆ. ಆದರೆ ಆಮೇಲೆ ಅವರು ಮಾಡಿದ್ದನ್ನು ಮೆಚ್ಚುತ್ತೇನೆ. ನಾಲ್ಕು ವರ್ಷ ತಯಾರಿ ಮಾಡಿದರು. ಯಾಕೆ ಬದಲಾವಣೆ, ಯಾವತ್ತು, ಹೇಗೆ ಅಂತ ಮನೆ ಮನೆಗೆ ತಿಳಿಸಿದರು. ಹಾಲಿನ ಪೊಟ್ಟಣದ ಮೇಲೂ ಅದರ ಗುರುತು ಅಚ್ಚಾಗಿತ್ತು. 1967ರ ಸೆಪ್ಟೆಂಬರ್ 3ರಂದು ಬೆಳಗಿನ ಜಾವ 5 ಗಂಟೆಗೆ ಇಡೀ ದೇಶ ಬಲಬದಿಗೆ ಸರಿಯಿತು, ದೊಡ್ಡ ಗಲಾಟೆಯಿಲ್ಲದೆ.

ಜನ ಕಾನೂನು ಪಾಲಿಸುವುದು ಬರೀ ಶಿಕ್ಷೆಯ ಭಯಕ್ಕಾ? ಟಾಮ್ ಟೈಲರ್ ಅನ್ನುವ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಶಿಕಾಗೊ ನಗರದ 1,575 ಜನರನ್ನು ಮಾತಾಡಿಸಿ ಇದನ್ನು ಹುಡುಕಿದರು. ಸಿಕ್ಕಿಬೀಳುವ ಭಯಕ್ಕಿಂತ ‘ಈ ಕಾನೂನಿಗೆ ನಮ್ಮ ಮೇಲೆ ನ್ಯಾಯವಾದ ಅಧಿಕಾರವಿದೆ’ ಅನ್ನುವ ಭಾವನೆಯೇ ಹೆಚ್ಚು ಕೆಲಸ ಮಾಡಿತ್ತು. ಆ ಭಾವನೆ ಹುಟ್ಟುವುದು ತೀರ್ಪು ತಮ್ಮ ಪರ ಬಂದಾಗ ಮಾತ್ರ ಅಲ್ಲ. ತಮ್ಮ ಮಾತು ಕೇಳಿದರು, ಮರ್ಯಾದೆಯಿಂದ ನಡೆಸಿಕೊಂಡರು, ಪಕ್ಷಪಾತ ಮಾಡಲಿಲ್ಲ ಅನಿಸಿದರೆ ಸೋತವರೂ ಒಪ್ಪುತ್ತಾರೆ.

ಹಾಗಾಗಿ ಒಂದು ಕಡ್ಡಾಯ ನಿಯಮ ಬಂದಾಗ ನಾನು ನೋಡುವುದು ಇಷ್ಟು. ಕಾರಣ ಹೇಳಿದ್ದಾರಾ? ಮಾಡಿದವರಿಗೂ ಅದು ಅನ್ವಯಿಸುತ್ತದಾ? ದುಡ್ಡಿರುವವರು ತಪ್ಪಿಸಿಕೊಳ್ಳುವ ದಾರಿ ಇದೆಯಾ? ತಪ್ಪಾಗಿದೆ ಅಂತ ಯಾರಿಗೆ ಹೇಳಬೇಕು, ಹೇಳಿದರೆ ನನಗೇನಾಗುತ್ತದೆ? ಕೊನೆಯ ಪ್ರಶ್ನೆಯ ಉತ್ತರದಲ್ಲೇ ಬಹಳಷ್ಟು ಗೊತ್ತಾಗುತ್ತದೆ.

ಪ್ರಶ್ನೆ: ನನ್ನ ಕೈಕೆಳಗೆ ಹನ್ನೆರಡು ಜನರಿದ್ದಾರೆ. ನಾನೂ ಈಚೆಗೆ ಎಲ್ಲದಕ್ಕೂ ‘ಹೇಳಿದಷ್ಟು ಮಾಡಿ’ ಅನ್ನುತ್ತಿದ್ದೇನೆ. ಹೇಗೆ ತಿದ್ದಿಕೊಳ್ಳಲಿ?

ಉತ್ತರ: ಇದನ್ನು ನೀವು ಗಮನಿಸಿದಿರಲ್ಲ, ನನಗೆ ನಿಜವಾಗಿಯೂ ಸಂತೋಷವಾಯಿತು. ಸಭೆಯಲ್ಲಿ ನಿಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಿ. ನೀವು ಮೊದಲು ಬಾಯಿ ತೆರೆದರೆ ಉಳಿದ ಹನ್ನೆರಡು ಮಂದಿ ತಲೆ ಆಡಿಸುತ್ತಾರೆ ಅಷ್ಟೆ. ಕೆಟ್ಟ ಸುದ್ದಿ ತಂದವರಿಗೆ ಎಲ್ಲರ ಎದುರಿಗೇ ಧನ್ಯವಾದ ಹೇಳಿ, ಉಳಿದವರು ಅದನ್ನು ನೋಡಲಿ. ಈಗಿರುವ ನಿಯಮಗಳಲ್ಲಿ ಒಂದನ್ನು ಈ ತಿಂಗಳು ತೆಗೆದು ನೋಡಿ. ಹೊಸ ನಿಯಮ ಮಾಡಲೇಬೇಕಾದರೆ ಅದು ಯಾವ ದಿನ ಮುಗಿಯುತ್ತದೆ ಅಂತ ಅದರಲ್ಲೇ ಬರೆಯಿರಿ. ಆ ದಿನ ಬಂದಾಗ ಹನ್ನೆರಡೂ ಜನರನ್ನು ಕೂರಿಸಿ, ಇದು ಬೇಕಾ ಅಂತ ಕೇಳಿ. ಕೆಲಸಕ್ಕೆ ಹೊಸದಾಗಿ ಸೇರಿದವರಿಂದಲೇ ಶುರು ಮಾಡಿ.