ದಪ್ಪ ಇಲಿಗೆ ಚಳಿ ತಡೆಯಲ್ಲ ಯಾಕೆ?

ನೀವು ಕೇಳಿದ್ದು: "ಕೊಬ್ಬು ಜಾಸ್ತಿ ಇದ್ದರೆ ಮೈ ಬೆಚ್ಚಗಿರಬೇಕಲ್ವಾ? ಮತ್ತೆ ಪ್ರಯೋಗಾಲಯದ ದಪ್ಪ ಇಲಿಗಳು ಚಳಿಗೆ ಸಾಯುತ್ತವೆ ಅಂತ ನಮ್ಮ ಮೇಡಂ ಯಾಕೆ ಹೇಳಿದರು?"

ನನ್ನ ಊರು ಶಿರಸಿ ಹತ್ತಿರ. ಪ್ರಾಣಿಗಳ ಲ್ಯಾಬ್‌ನಲ್ಲಿ ಕೆಲಸ ಮಾಡಿ, ಈಗ ಕಾರವಾರದಲ್ಲಿ ಪಾಠ ಮಾಡುತ್ತೇನೆ. ನನಗೆ ತುಂಬಾ ಇಷ್ಟದ ವಿಷಯ ಇದು.

ನಿಮ್ಮ ಮೇಡಂ ಹೇಳಿದ್ದು ಬಹುಶಃ ಒಬಿ/ಒಬಿ ಇಲಿಯ ಬಗ್ಗೆ. ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯಲ್ಲಿ 1949ರಲ್ಲಿ ಕಣ್ಣಿಗೆ ಬಿದ್ದ, ತಾನಾಗಿಯೇ ವಿಪರೀತ ದಪ್ಪಗಾಗುವ ತಳಿ. ಇದರಲ್ಲಿ ಏನು ಕೊರತೆ ಅಂತ ಗೊತ್ತಾಗಿದ್ದು 1994ರಲ್ಲಿ, ಜೆಫ್ರಿ ಫ್ರೀಡ್‌ಮನ್ ತಂಡದಿಂದ. ಕೊಬ್ಬಿನ ಕೋಶಗಳು ಲೆಪ್ಟಿನ್ ಅನ್ನುವ ಹಾರ್ಮೋನ್ ಬಿಡುತ್ತವೆ. ದೇಹದಲ್ಲಿ ಎಷ್ಟು ದಾಸ್ತಾನು ಇದೆ ಅನ್ನುವುದು ಮೆದುಳಿಗೆ ತಿಳಿಯುವುದು ಅದರಿಂದ. ಈ ಇಲಿಯಲ್ಲಿ ಕೆಲಸ ಮಾಡುವ ಲೆಪ್ಟಿನ್ ಇಲ್ಲವೇ ಇಲ್ಲ. ಮೈತುಂಬ ಕೊಬ್ಬಿದ್ದರೂ ಮೆದುಳಿಗೆ ಅದು ಬರಗಾಲ. ತಿನ್ನು ಅನ್ನುತ್ತದೆ, ಖರ್ಚು ಮಾಡಬೇಡ ಅನ್ನುತ್ತದೆ. ಸಣ್ಣ ಪ್ರಾಣಿಗೆ ದೊಡ್ಡ ಖರ್ಚು ಅಂದರೆ ಮೈ ಕಾಯಿಸಿಕೊಳ್ಳುವುದೇ. ಹಾಗಾಗಿ ಇದರ ಮೈಬಿಸಿ ಸಾಮಾನ್ಯ ಇಲಿಗಿಂತ ಒಂದೆರಡು ಡಿಗ್ರಿ ಕಡಿಮೆ. ಒಮ್ಮೆಲೇ 4 ಡಿಗ್ರಿಯಲ್ಲಿ ಇಟ್ಟರೆ ಇಳಿಯುತ್ತಾ ಹೋಗಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಆದರೆ ತಂಪನ್ನು ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸಿದರೆ ತಡೆದುಕೊಳ್ಳುತ್ತದೆ.

ಚಳಿಯಲ್ಲಿ ಶಾಖ ಕೊಡುವುದು ಕಂದು ಕೊಬ್ಬು ಅನ್ನುವ ಬೇರೆ ಬಗೆಯ ಕೊಬ್ಬು. ನಮ್ಮ ಕಡೆ ಬಚ್ಚಲ ಒಲೆ ಇದೆಯಲ್ಲ, ಹಾಗೆ. ಅಲ್ಲಿ ಅಡುಗೆ ಬೇಯುವುದಿಲ್ಲ, ಉರಿಸುವುದು ಬಿಸಿಗಾಗಿ ಮಾತ್ರ. ಒಬಿ/ಒಬಿ ಇಲಿಯಲ್ಲಿ ಈ ಒಲೆ ಇದೆ, ಉರಿ ಮಾತ್ರ ಸಣ್ಣದು. ಲೆಪ್ಟಿನ್ ಚುಚ್ಚಿದರೆ ಮೈಬಿಸಿ ಏರುತ್ತದೆ. ಒಲೆ ಜೋರಾಗಿದ್ದರಿಂದಲೇ ಹಾಗೆ ಅಂತ ಬಹಳ ಕಾಲ ನಂಬಿದ್ದರು. ಸ್ವೀಡನ್ನಿನ ಕ್ಯಾನನ್ ಮತ್ತು ನೆಡರ್‌ಗಾರ್ಡ್ ತಂಡ 2016ರಲ್ಲಿ ಬೇರೆಯದೇ ತೋರಿಸಿತು: ಉರಿ ಹೆಚ್ಚಾಗಿರಲಿಲ್ಲ, ಶಾಖ ಹೊರಗೆ ಸೋರುವುದು ಕಡಿಮೆಯಾಗಿತ್ತು. ನನಗೆ ಇದು ಬಹಳ ದೊಡ್ಡ ವಿಷಯ ಅನ್ನಿಸುತ್ತದೆ.

ಇನ್ನು ಎಣ್ಣೆ-ಕೊಬ್ಬಿನ ಆಹಾರ ತಿಂದು ದಪ್ಪಗಾದ ಇಲಿ. ಇದರ ಲೆಪ್ಟಿನ್ ಜಾಸ್ತಿಯೇ ಇರುತ್ತದೆ, ಮೈಬಿಸಿಯೂ ಹೆಚ್ಚು ಕಡಿಮೆ ಸರಿಯಾಗಿರುತ್ತದೆ. ಕೊಬ್ಬು ಕಂಬಳಿಯಾಗುತ್ತದೆ ಅನ್ನುವ ನಿಮ್ಮ ಊಹೆಯನ್ನೂ ಅದೇ ತಂಡ ಪರೀಕ್ಷಿಸಿದೆ. ದಪ್ಪಗಾದ ಮಾತ್ರಕ್ಕೆ ಇಲಿಯಿಂದ ಶಾಖ ಸೋರುವುದು ಕಡಿಮೆಯಾಗಲಿಲ್ಲ. ಇಲಿಗೆ ಚಳಿ ತಡೆಯುವುದು ಮುಖ್ಯವಾಗಿ ತುಪ್ಪಳ.

ಈಗ ಜನ ಸುಮ್ನೆ ದಾಟಿಬಿಡುವ ಸಂಗತಿ: ಕೋಣೆಯ ಉಷ್ಣತೆ. ಈ ಲ್ಯಾಬ್ ಇಲಿಗೆ ಹಾಯೆನಿಸುವುದು ಸುಮಾರು 30 ಡಿಗ್ರಿಯಲ್ಲಿ. ಅಂದರೆ ಮೇ ತಿಂಗಳ ಕಾರವಾರ, ನಾವು ಬೆವರು ಒರೆಸುತ್ತಾ ಕೂರುವ ಹೊತ್ತು. ಲ್ಯಾಬ್‌ಗಳಲ್ಲಿ ಮಾತ್ರ ನಮ್ಮ ಅನುಕೂಲಕ್ಕೆ 20-22 ಡಿಗ್ರಿ ಇಟ್ಟಿರುತ್ತಾರೆ. ಅಲ್ಲಿ ಇಲಿ ದಿನವಿಡೀ ಚಳಿಯಲ್ಲೇ ಇದೆ, ತಿಂದದ್ದರಲ್ಲಿ ದೊಡ್ಡ ಪಾಲು ಮೈ ಕಾಯಿಸಲಿಕ್ಕೇ ಹೋಗುತ್ತದೆ. 2009ರಲ್ಲಿ ಕಂಡದ್ದು ನೋಡಿ: ಕಂದು ಕೊಬ್ಬಿನ ಮುಖ್ಯ ಪ್ರೋಟೀನ್ ಯುಸಿಪಿ1 ಇಲ್ಲದ ಇಲಿಗಳು 30 ಡಿಗ್ರಿಯಲ್ಲಿ ದಪ್ಪಗಾದವು. ತಂಪು ಕೋಣೆಯಲ್ಲಿ ಈ ಗುಟ್ಟು ಹೊರಬಿದ್ದಿರಲಿಲ್ಲ.

ಮೈಬಿಸಿ ಅಳೆಯುವ ರೀತಿಯೂ ಮುಖ್ಯ. ಬಾಲದ ಬುಡ ಹಿಡಿದು ಗುದದಲ್ಲಿ ಪ್ರೋಬ್ (ಉಷ್ಣತೆ ಅಳೆಯುವ ಕಡ್ಡಿ) ಇಟ್ಟರೆ ಇಲಿ ಗಾಬರಿಯಾಗುತ್ತದೆ, ಗಾಬರಿಗೇ ಮೈಬಿಸಿ ಏರುತ್ತದೆ. ಒಂದನ್ನು ಹಿಡಿಯುವಾಗ ಪಕ್ಕದ್ದೂ ಮೂಲೆ ಸೇರುತ್ತದೆ. ಅದಕ್ಕೇ ಹೊಟ್ಟೆಯೊಳಗೆ ಪುಟ್ಟ ಟ್ರಾನ್ಸ್‌ಮಿಟರ್ ಕೂರಿಸಿ, ಮುಟ್ಟದೆ ಅಳೆಯುವುದು ಒಳ್ಳೆಯದು.

ನಿಮ್ಮ ಮೇಡಂ ಹತ್ತಿರ ಮೂರು ಕೇಳಿ: ಯಾವ ತಳಿ, ಕೋಣೆ ಎಷ್ಟು ಡಿಗ್ರಿ, ಪಂಜರದಲ್ಲಿ ಇಲಿ ಒಂಟಿಯೋ ಗುಂಪೋ. ಗುಂಪಿನಲ್ಲಿದ್ದರೆ ಒಂದಕ್ಕೊಂದು ಅಂಟಿಕೊಂಡು, ಕಾಗದದ ಚೂರುಗಳಲ್ಲಿ ಗೂಡು ಮಾಡಿ ಮಲಗುತ್ತವೆ. ಆಗ ಅದೇ 22 ಡಿಗ್ರಿ ಅವಕ್ಕೆ ಅಷ್ಟು ತಂಪಲ್ಲ.